ಆರನೆಯ ಪುಟದ ಬಿಸಿಲು

ಪಾಠದ ನಡುವೆ ಪುಟ್ಟ ಹುಡುಗಿ ಮುಂಬಿ ಎದ್ದು ಹೋಗಿ ತರಗತಿಯ ಬೀರುವಿನ ಬಾಗಿಲಿಗೆ ಕೈ ಹಾಕಿದ್ದನ್ನು ಕಂಡು ಹಂಸಾಳ ಮಾತು ಅರ್ಧಕ್ಕೇ ನಿಂತಿತು. ಪಾಠಕ್ಕೆ ಬೇಕಾದ ಎರಡು ಡಬ್ಬಿಗಳೂ ಕಿಟಕಿಯ ಕಟ್ಟೆಯ ಮೇಲಿದ್ದವು. ಒದ್ದೆ ಹತ್ತಿಯ ಡಬ್ಬಿಯಲ್ಲಿ ಹೆಸರುಕಾಳು ಬಾಲ ಬಿಟ್ಟಿತ್ತು. ಒಣ ಹತ್ತಿಯದರಲ್ಲಿ ಸೋಮವಾರ ಹಾಕಿದ ಹಾಗೆಯೇ ಗಟ್ಟಿಯಾಗಿ ಬಿದ್ದಿತ್ತು. ಮಕ್ಕಳು ಆರನೆಯ ಪುಟ ಓದಿ, ಕಣ್ಣಾರೆ ಕಂಡದ್ದನ್ನು ಎರಡು ಸಾಲು ಬರೆದರೆ ಮುಗಿಯಿತು. ಬೀರುವಿನಲ್ಲಿ ಸೀಮೆಸುಣ್ಣ, ಡಸ್ಟರು ಬಿಟ್ಟರೆ ಬೇರೇನೂ ಇರಬಾರದಿತ್ತು.

ಹಿಂದಿನ ಪುಟ್ಟ ಬೆಂಚಿನಲ್ಲಿ ಪ್ರಶಾಂತ್ ಮಂಡಿ ಮಡಚಿಕೊಂಡು ಕುಳಿತಿದ್ದ. ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯಲ್ಲಿರುವ, ಹಂಸಾ ಕೆಲಸ ಮಾಡುವ ಸಂಸ್ಥೆಯ ಮ್ಯಾನೇಜರು, ಮಂಡ್ಯದ ಕಡೆಯವನು, ಹಂಸಾಳಿಗಿಂತ ಹತ್ತು ವರ್ಷ ಚಿಕ್ಕವನು. ಓದುವ ಪೀರಿಯಡ್ಡನ್ನೂ ವಿಜ್ಞಾನದ ಪೀರಿಯಡ್ಡನ್ನೂ ಒಂದು ಮಾಡಿ ಕಲಿಸುವುದು ಕಸರಾನಿಯ ಈ ಶಾಲೆಯಲ್ಲಿ ಮುಂದುವರಿಯಬೇಕೋ ಬೇಡವೋ ಎನ್ನುವುದು ಇವತ್ತು ಅವನು ಬರೆಯುವ ವರದಿಯ ಮೇಲಿತ್ತು. ಮೂರನೆಯ ತರಗತಿಯ ಮಾಸ್ತರು ಒಡುವೋರ್ ಮೊದಲಿನಿಂದಲೂ ಇದನ್ನು ನಂಬಿರಲಿಲ್ಲ. ಪುಸ್ತಕ ಒದ್ದೆಯಾಗುತ್ತದೆ, ಓದು ಒಣಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ನಗಾಡಿದ್ದರು. ಈಗ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

ಆ ಪುಸ್ತಕ ಹಂಸಾಳೇ ಬರೆದದ್ದು. ಹನ್ನೆರಡು ಪುಟ. ಹಗಲು ಸ್ಟೇಷನರಿ ಅಂಗಡಿಯಲ್ಲಿ ಬಿಲ್ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವಳು ತಾನು, ವಿಜ್ಞಾನದ ಪುಸ್ತಕ ಬರೆಯಲು ಯಾರು ಎಂಬ ಅಳುಕು ಅವಳನ್ನು ಮೈಸೂರಿನಿಂದ ನೈರೋಬಿಯವರೆಗೂ ಬಿಡದೆ ಹಿಂಬಾಲಿಸಿತ್ತು. ಅದಕ್ಕೇ ಪ್ರತಿ ಸಾಲನ್ನೂ ಹನ್ನೊಂದು ಸಲ ತಿದ್ದಿದ್ದಳು. ಬೆಳಿಗ್ಗೆ ಮಟಾಟು ವ್ಯಾನಿನಲ್ಲಿ ಬರುವಾಗಲೂ ಒಂದು ಸಲ ನೋಡಿದ್ದಳು.

ಮುಂಬಿ ಬೀರುವಿನೊಳಗಿಂದ ಡಬ್ಬಿಯ ಮುಚ್ಚಳವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಎಂಟು ವರ್ಷದ ಹುಡುಗಿ. ತನ್ನ ಓದುವ ಸರದಿ ಬಂದಾಗಲೆಲ್ಲ ಇವಳ ಪೆನ್ಸಿಲು ಕೆಳಗೆ ಬೀಳುತ್ತಿತ್ತು, ಅದನ್ನು ಹುಡುಕಲು ಬೆಂಚಿನಡಿ ಇಳಿದವಳು ಸರದಿ ದಾಟುವವರೆಗೆ ಮೇಲೆ ಬರುತ್ತಿರಲಿಲ್ಲ. ಈಗ ಮುಚ್ಚಳವನ್ನು ಮೇಜಿನ ಮೇಲಿಟ್ಟು, ಇದು ನನ್ನದು, ಸೋಮವಾರ ನಾನೇ ಇಟ್ಟಿದ್ದೆ, ದಿನಾ ನೀರು ಹಾಕಿದ್ದೇನೆ ಎಂದಳು.

ಒದ್ದೆ ಹತ್ತಿಯ ಮೇಲೆ ಏಳು ಕಾಳು. ಏಳೂ ಮೊಳೆತಿದ್ದವು. ಕಿಟಕಿಯವಕ್ಕಿಂತ ಉದ್ದವಾಗಿ, ಬೆಳ್ಳಗೆ.

ತರಗತಿಗೆ ತರಗತಿಯೇ ಮೇಜಿನ ಮೇಲೆ ಬಗ್ಗಿತು. ತಳ್ಳಾಟ, ಕಾಲ್ತುಳಿತ. ಕತ್ತಲಲ್ಲಿ ಹೇಗೆ ಬಂತು ಎಂದು ಒಬ್ಬ, ಇವಳು ಕಿಟಕಿಯದನ್ನೇ ಕದ್ದಿಟ್ಟಿದ್ದಾಳೆ ಎಂದು ಇನ್ನೊಬ್ಬ. ಆಗದು, ಪುಸ್ತಕದಲ್ಲಿ ಬೇರೆ ಇದೆ ಎಂದು ಮೂರನೆಯವಳು ಕೂಗಿದಳು.

ಮುಂಬಿಗೆ ಆ ಮಾತು ಸಹಿಸಲಾಗಲಿಲ್ಲ. ಹತ್ತಿರದವನ ಪುಸ್ತಕವನ್ನೇ ಕಿತ್ತುಕೊಂಡು ಆರನೆಯ ಪುಟ ತೆಗೆದು ಬೆರಳಿಟ್ಟಳು. ಉದ್ದ ಪದಗಳ ಮುಂದೆ ನಿಂತು, ತುಟಿ ಆಡಿಸಿ, ಒಂದೊಂದನ್ನೇ ದಾಟುತ್ತ ಗಟ್ಟಿಯಾಗಿ ಓದಿದಳು. ಬೀಜ ಮೊಳೆಯಲು ನೀರು, ಗಾಳಿ ಮತ್ತು ಸೂರ್ಯನ ಬೆಳಕು ಬೇಕು. ಬೀರುವಿನ ಕಡೆ ನೋಡಿದಳು. ಮತ್ತೊಮ್ಮೆ ಓದಿದಳು. ಮೂರನೆಯ ಸಲ ಎಲ್ಲೂ ಎಡವಲಿಲ್ಲ.

"ಪುಸ್ತಕ ತಪ್ಪು, ಟೀಚರ್. ಇದನ್ನ ಬರೆದವರು ಯಾರು? ಅವರಿಗೆ ಹೇಳಬೇಕು."

ಹಂಸಾಳಿಗೆ ಮನೆಯ ಕಪಾಟು ನೆನಪಾಯಿತು. ನಿನ್ನೆ ತಾನೇ ಬುಧವಾರ. ಪ್ರತಿ ಬುಧವಾರದ ಹಾಗೆ ಬೀದಿ ಕೊನೆಯ ಅಂಗಡಿಯಿಂದ ತಂದ ಹೆಸರುಕಾಳನ್ನು ನೆನೆಸಿ, ಬಟ್ಟೆಯಲ್ಲಿ ಬಿಗಿದು, ಅಡುಗೆಮನೆಯ ಕಪಾಟಿನಲ್ಲಿ ಅಕ್ಕಿಡಬ್ಬಿಯ ಹಿಂದೆ ತಳ್ಳಿ ಬಾಗಿಲು ಹಾಕಿದ್ದಳು. ಅವಳ ಅಮ್ಮನೂ ಹಾಗೇ ಮಾಡುತ್ತಿದ್ದಳು. ಹಾಗೆ ಕಟ್ಟಿಟ್ಟ ಅದೇ ಕೈ ಹನ್ನೊಂದು ಸಲವೂ ಆ ಸಾಲಿನ ಅಲ್ಪವಿರಾಮವನ್ನು ತಿದ್ದಿತ್ತೇ ಹೊರತು ಬಿಸಿಲನ್ನಲ್ಲ.

ಪುಸ್ತಕದ ಮೇಲೆ ಅವಳ ಹೆಸರಿರಲಿಲ್ಲ, ಸಂಸ್ಥೆಯದಷ್ಟೇ ಇತ್ತು. ಆಫೀಸಿನವರಿಗೆ ಹೇಳೋಣ ಎಂದರೆ ಮಕ್ಕಳ ಮುಂದೆ ಮಾನ ಉಳಿಯುತ್ತಿತ್ತು. ಪ್ರಶಾಂತ್ ಪೆನ್ನಿನ ಮುಚ್ಚಳ ತೆಗೆದದ್ದು ಕಾಣಿಸಿತು. ಆದರೆ ಓದುವ ಸರದಿಗೆ ಬೆಂಚಿನಡಿ ಅಡಗುತ್ತಿದ್ದ ಆ ಹುಡುಗಿ ಬೆರಳನ್ನು ಸಾಲಿನಿಂದ ಇನ್ನೂ ಎತ್ತಿರಲಿಲ್ಲ.

"ನಾನೇ ಬರೆದದ್ದು, ಮುಂಬಿ," ಎಂದಳು. "ನೋಡದೇ ಬರೆದೆ. ನೀನು ನೋಡಿದ್ದೀಯ. ಹೊಡೆದುಹಾಕು."

ಮುಂಬಿ ಒಡುವೋರ್ ಅವರ ಮುಖ ನೋಡಿದಳು. ಪುಸ್ತಕದಲ್ಲಿ ಗೀಚಿದರೆ ಬಯ್ಯುತ್ತಿದ್ದವರು ಅವರೇ. ಅವರು ಕಟ್ಟಿದ್ದ ಕೈ ಬಿಚ್ಚಿ, ಗೀಚು ಎಂಬಂತೆ ತಲೆಯಾಡಿಸಿದರು. ಮುಂಬಿ ಗೆರೆ ಎಳೆದಳು. ನಲವತ್ತು ಪೆನ್ಸಿಲುಗಳು ಗೆರೆ ಎಳೆದವು. ಆಮೇಲೆ ಯಾರೂ ಪುಸ್ತಕ ಮುಚ್ಚಲಿಲ್ಲ. ಇನ್ನೊಂದು ತಪ್ಪು ಸಿಕ್ಕೀತೇನೋ ಎಂದು ನಲವತ್ತು ತಲೆಗಳು ಏಳನೆಯ ಪುಟಕ್ಕೆ ಬಗ್ಗಿದವು. ಕತ್ತಲಲ್ಲಿ ಹುಟ್ಟಿದ್ದಕ್ಕೆ ಎಲೆ ಹಸಿರಾಗುತ್ತದೆಯೇ ಎಂದು ಒಬ್ಬ ಕೇಳಿದ. ಆಗುತ್ತದೆ ಎಂದು ಅರ್ಧ, ಇಲ್ಲ ಎಂದು ಅರ್ಧ.

ಪ್ರಶಾಂತ್ ಎದ್ದು ಬಂದು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದ.

"ಹಂಸಾ ಮೇಡಂ, ಓದೋಕೆ ಬರಲ್ಲ ಅಂತ ರಿಪೋರ್ಟಲ್ಲಿ ಬರ್ದಿದ್ರಲ್ಲ, ಅದು ಈ ಹುಡುಗೀನಾ?"

"ಹೌದು ಸರ್. ಪುಸ್ತಕದಲ್ಲೂ ತಪ್ಪು ಬರ್ದೆ, ರಿಪೋರ್ಟಲ್ಲೂ ತಪ್ಪು ಬರ್ದೆ."

ಅವನು ನಗಲಿಲ್ಲ. ಮುಚ್ಚಳವನ್ನು ಮುಂಬಿಯ ಕೈಗೆ ಹುಷಾರಾಗಿ ಕೊಟ್ಟ. ಪೆನ್ನನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡ. "ಎಲೆ ಬರೋಕೆ ಎಷ್ಟ್ ದಿನ ಬೇಕು? ಸೋಮವಾರ ಇವ್ರ ಪೀರಿಯಡ್ಡು ಎಷ್ಟ್ ಗಂಟೆಗೆ?"

ಹಂಸಾ ಹತ್ತೂವರೆ ಎಂದಳು.

ಮುಂಬಿ ಆಗಲೇ ಬೀರುವಿನ ಬಳಿ ಇದ್ದಳು. ಹತ್ತಿಯನ್ನು ಚೆನ್ನಾಗಿ ನೆನೆಸಿ ಮುಚ್ಚಳವನ್ನು ಒಳಗಿಟ್ಟು, ಬಾಗಿಲು ಒತ್ತಿ ಹಾಕಿ, ಒಂದು ಚೀಟಿ ಬರೆದು ಅಂಟಿಸಿದಳು. ಸೋಮವಾರದವರೆಗೆ ತೆಗೆಯಬಾರದು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿ, ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತಳು.