ಹೂಂ ಅನ್ನದ ಕೈಪಟ್ಟಿ

ವಯಸ್ಸಾದಂತೆ ಕಣ್ಣಿಗೆ ಪೊರೆ ಬರುವುದು ನಮ್ಮ ಕಡೆ ಮನೆಮನೆಯ ಮಾತು. ನನ್ನ ಹೆಂಡತಿ ಗ್ಯಾನಮ್ಮನಿಗೆ ಬಲಗಣ್ಣಿಗೆ ಬಂತು. ಎಡಗಣ್ಣು ಮುಚ್ಚಿದರೆ ಎದುರಿಗಿದ್ದ ನಾನೂ ಅವಳಿಗೆ ಮಂಜಿನೊಳಗಿನ ಮರ. ಗುರುಗುಂಟಾದಿಂದ ಬಸ್ಸು ಹತ್ತಿ ಸಿಂಧನೂರಿನ ಆಸ್ಪತ್ರೆಗೆ ಬಂದೆವು.

ಸಿಸ್ಟರ್ ಫಿರ್ದೋಸ್ ಅವಳ ಫೋಟೋ ತೆಗೆದು, ಕೈಗೆ ಕರಿ ಗೆರೆಗಳ ಪಟ್ಟಿ ಕಟ್ಟಿದಳು.

“ನಾನೇನು ಎಮ್ಮೀನಾ, ನಂಬರ್ ಕಟ್ಟಾಕ?” ಅಂದಳು ಗ್ಯಾನಮ್ಮ.

“ನಿದ್ದಿಗಣ್ಣಾಗ ಮನುಷ್ಯಾರು ಯಾರ ಹೆಸರು ಕರದ್ರೂ ಹೂಂ ಅಂತಾರವ್ವ. ಈ ಪಟ್ಟಿ ಅನ್ನೂದಿಲ್ಲ.”

ಕಣ್ಣಿಗೆ ಹನಿ ಹಾಕಿದರು. ಲೋಕವೆಲ್ಲ ಬೆಳಕಾಗಿ ಕರಗಿತು, ಕಿಟಕಿ ಕಾಲುವೆ ನೀರಿನಂತೆ ತೂಗುತ್ತಿದೆ ಅಂದಳು. ಜೋಂಪು ಬಂದರೂ ಮಲಗಲೊಲ್ಲಳು. ಮಂಚದ ತಲೆದೆಸೆ ಉತ್ತರಕ್ಕಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗಬಾರದಲ್ಲ.

ಎದುರು ಮಂಚದಲ್ಲಿ ಮಸ್ಕಿಯ ಹಾಜಿರಾಬೀ, ಎಡಗಣ್ಣಿನ ಆಪರೇಷನ್ನಿಗೆ ಬಂದವಳು. “ನನ್ನ ಮಂಚಕ್ಕ ಬಾ ಯಕ್ಕಾ. ನನಗ ಯಾವ ದಿಕ್ಕಾದ್ರೂ ನಿದ್ದಿ ಬರ್ತದ” ಅಂದಳು. ಇಬ್ಬರೂ ಜಾಗ ಬದಲಿಸಿದರು. ಅದೇನು ಸಿಸ್ಟರಿಗೆ ಹೇಳುವ ಮಾತೇ ಎಂದುಕೊಂಡು ನಾನು ಹೊರಗೆ ಬೆಂಚಿನ ಮೇಲೆ ಕೂತೆ.

ಒಳಗೆ ಆಸ್ಪತ್ರೆಯವರೊಬ್ಬರು ಮಂಚದ ನಂಬರು ನೋಡಿ, ಹಾಜಿರಾಬೀ ಏನ್ರೀ ಎಂದು ಕೇಳಿದರಂತೆ. ಗ್ಯಾನಮ್ಮ ಕನಸಿನೊಳಗಿಂದಲೇ ಹೂಂ ಅಂದಳಂತೆ. ಅವಳನ್ನು ಮಲಗಿಸಿದ ಗಾಡಿ ನನ್ನ ಮುಂದೆಯೇ ಆಪರೇಷನ್ ಕೋಣೆಯ ಬಾಗಿಲಿಗೆ ಬಂತು.

ಬಾಗಿಲಲ್ಲಿ ಫಿರ್ದೋಸ್ ಕೈಪಟ್ಟಿಗೆ ಯಂತ್ರ ಹಿಡಿದಳು. ಪರದೆ ಕೆಂಪಾಯಿತು. ಒಳಗೆ ಕರೆಸಿದ್ದು ಹಾಜಿರಾಬೀಯನ್ನು, ಎಡಗಣ್ಣಿಗೆ. ಪಟ್ಟಿ ತೋರಿಸಿದ್ದು ಗ್ಯಾನಮ್ಮನ ಮುಖ, ಬಲಗಣ್ಣು.

ಫಿರ್ದೋಸ್ ಗಾಡಿಗೆ ಕೈ ಅಡ್ಡ ಇಟ್ಟಳು. “ಯವ್ವಾ, ನಿನ್ನ ಹೆಸರು ನೀನ ಹೇಳು.”

“ಗ್ಯಾನಮ್ಮ.”

“ಯಾವ ಕಣ್ಣು?”

ಅವಳು ಮೆಲ್ಲಗೆ ಬಲಗಣ್ಣು ಮುಟ್ಟಿ ತೋರಿಸಿದಳು.

ನಾನು ಎದ್ದು ಹೋಗಿ ಮಂಚ ಬದಲಿಸಿದ್ದನ್ನು ಹೇಳಿದೆ. ಇವಳಿಗೆ ಉಳಿದಿದ್ದ ಒಳ್ಳೆಯ ಕಣ್ಣು ಎಡಗಣ್ಣೇ. ಡಾಕ್ಟರು ಬಂದು ಎಲ್ಲವನ್ನೂ ಮೊದಲಿನಿಂದ ನೋಡಿ, ಬಲಗಣ್ಣಿನ ಮೇಲೆ ಗುರುತು ಹಾಕಿ, ಆಮೇಲೆ ಒಳಗೆ ಕರೆದೊಯ್ದರು. ಹಾಜಿರಾಬೀ ತನ್ನ ಸರದಿ ಬಂದಾಗ ತಾನೇ ಕೈ ಚಾಚಿದಳು: “ಮೊದಲ ಪಟ್ಟಿ ನೋಡ್ರಿ, ಆಮ್ಯಾಲೆ ಗಾಡಿ ತಳ್ರಿ.”

ಮರುದಿನ ಕಣ್ಣಿನ ಬಟ್ಟೆ ಬಿಚ್ಚಿದರು. ಗ್ಯಾನಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. “ಎರಡೂ ಕಣ್ಣಿಲೆ ನೋಡಿದ್ರ ಇನ್ನಾ ಮುದುಕ ಕಾಣ್ತೀರಿ” ಅಂದಳು.

ಆಪರೇಷನ್ನಿಗೆ ಹೋಗುವ ಅಣ್ಣ ಅಕ್ಕಂದಿರೇ, ಕೈಪಟ್ಟಿ ಬಿಚ್ಚಬೇಡಿರಿ. ಮಂಚ ಬದಲಿಸಿದರೆ ಸಿಸ್ಟರಿಗೆ ತಿಳಿಸಿರಿ. ನಿಮ್ಮ ಹೆಸರನ್ನೂ, ಆಪರೇಷನ್ ಆಗಬೇಕಾದ ಜಾಗವನ್ನೂ ನಿಮ್ಮ ಬಾಯಿಂದಲೇ ಹೇಳಿರಿ. ಪಟ್ಟಿ ನೋಡಿದಿರಾ ಎಂದು ಕೇಳುವುದಕ್ಕೆ ನಾಚಿಕೆ ಬೇಡ. ಒಳಗೆ ಹೋಗುತ್ತಿರುವುದು ನಿಮ್ಮ ಜೀವ.