ಗೆರೆಯಕ್ಕನ ಕೋಲು

ನಮ್ಮ ಮನೆಯಲ್ಲಿ ಮೊದಲು ಶುರುವಾದದ್ದು ಫ್ಯಾನಿನ ಜಗಳ. ಎಲ್ಲರೂ ಹೊದಿಕೆ ಹುಡುಕುವಂಥ ಚಳಿಯಲ್ಲಿ ನನ್ನ ನಾದಿನಿ ಫ್ಯಾನು ಜೋರಾಗಿ ಹಾಕಿಕೊಂಡು, ಅದರ ಕೆಳಗೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು. ನಾನು ಆರಿಸುವುದು, ಅವಳು ಹಾಕುವುದು. ಕೊನೆಗೆ ಸ್ವಿಚ್ಚೇ ಕೆಟ್ಟುಹೋಯಿತು.

ಆಮೇಲೆ ಊಟದ ಸರದಿ. ಇಬ್ಬರಿಗಾಗುವಷ್ಟು ಬಡಿಸಿದರೂ ಅವಳ ತಟ್ಟೆ ಖಾಲಿಯಾಗುತ್ತಿತ್ತು, ಮೈಮೇಲಿನ ಬಟ್ಟೆ ಮಾತ್ರ ದಿನೇ ದಿನೇ ದೊಗಳೆಯಾಗುತ್ತಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತದೆ ಎನ್ನುತ್ತಿದ್ದಳು. ಕೆಲಸ ಜಾಸ್ತಿಯಾಗಿದೆ, ನಾಲ್ಕು ದಿನ ಮಲಗೆದ್ದರೆ ಸರಿಹೋಗುತ್ತದೆ ಅಂತ ಅಕ್ಕಪಕ್ಕದವರು ಹೇಳಿದರು. ಮಾವ, ಅಂದರೆ ಅವಳ ಅಪ್ಪ, ಅವರೂ ಅದನ್ನೇ ಹೇಳಿದರು. ಮಲಗಿದರೆ ತಾನೇ ಏಳುವುದು? ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ನನ್ನ ನಾದಿನಿ ಬೋರ್ಡು ಬರೆಯುವವಳು. ಅಂಗಡಿ, ಗೋದಾಮು, ಲಾರಿ, ಗೋಡೆ, ಯಾವುದಕ್ಕೆ ಅಕ್ಷರ ಬೇಕಾದರೂ ಜನ ಅವಳನ್ನೇ ಕರೆಯುತ್ತಾರೆ. ಊರಿಗೆಲ್ಲ ಅವಳು ಗೆರೆಯಕ್ಕ. ಅಳತೆಪಟ್ಟಿ ಇಡದೆ, ದಾರ ಹಿಡಿಯದೆ, ಒಂದೇ ಉಸಿರಿಗೆ ಆರಡಿ ಗೆರೆ ನೆಟ್ಟಗೆ ಎಳೆಯುತ್ತಿದ್ದಳು. ಮಾವನೂ ಅದೇ ಕೆಲಸದವರು. ಮಗನಿಗೆ, ಅಂದರೆ ನನ್ನ ಗಂಡನಿಗೆ, ಸಹಿಯೇ ನೆಟ್ಟಗೆ ಬರುವುದಿಲ್ಲವಾದ್ದರಿಂದ ಬ್ರಷ್ಷನ್ನು ಮಗಳ ಕೈಗೆ ಕೊಟ್ಟರು. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ, ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳ ಬಣ್ಣದ ಡಬ್ಬಿಗಳು.

ಆ ಶೆಡ್ಡಿಗೆ ಒಂದು ಕಟ್ಟಳೆ ಇತ್ತು. ಬೋರ್ಡು ಬರೆಯುವವರು ಎಡಗೈಯಲ್ಲಿ ಒಂದು ಕೋಲು ಹಿಡಿದು, ಬಟ್ಟೆ ಸುತ್ತಿದ ಅದರ ತುದಿಯನ್ನು ಬೋರ್ಡಿಗೆ ತಾಗಿಸಿ, ಬ್ರಷ್ಷು ಹಿಡಿದ ಕೈಯನ್ನು ಆ ಕೋಲಿನ ಮೇಲೆ ಊರಿ ಬರೆಯುತ್ತಾರೆ. ಕೈ ಅಲುಗುವುದಿಲ್ಲ, ಹಸಿ ಬಣ್ಣಕ್ಕೂ ತಾಗುವುದಿಲ್ಲ. ನಮ್ಮ ಮಾವನಿಗೆ ಆ ಕೋಲು ಕಂಡರೆ ಆಗದು. ಕೈ ಬಾರದವರು ಕೋಲು ಹಿಡಿಯುತ್ತಾರೆ, ನಮ್ಮ ಮನೆಗೆ ಅದು ಬೇಡ ಎನ್ನುವರು. ಮಗಳೂ ಅದನ್ನೇ ಕಿರೀಟದಂತೆ ಹೊತ್ತುಕೊಂಡು ಬೆಳೆದಳು.

ಅಂಥವಳು ಒಂದು ದಿನ ಅಂಗಡಿಗೆ ಬಂದು ಬಿಳಿ ಹಾಳೆ ಕೇಳಿದಳು. ಕೊಟ್ಟೆ. ಅವಳ ಕೈಯಲ್ಲಿ ಹಾಳೆ ಪಟಪಟ ಅಂತು. ಸ್ವಿಚ್ಚು ಕೆಟ್ಟು ವಾರವಾಗಿತ್ತು, ಫ್ಯಾನು ತಿರುಗುತ್ತಿರಲಿಲ್ಲ. ಇಬ್ಬರೂ ಆ ಹಾಳೆಯನ್ನೇ ನೋಡಿದೆವು. ನಾನು ಅಂಗಡಿ ಬಾಗಿಲು ಎಳೆದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಒಬ್ಬ ಸಿಸ್ಟರ್ ಇದ್ದಾರೆ. ದನಿ ಮೆತ್ತಗೆ, ಪ್ರಶ್ನೆಗಳು ಮಾತ್ರ ಒಂದನ್ನೂ ಬಿಡುವುದಿಲ್ಲ. ನಾಡಿ ಹಿಡಿದು ನೋಡಿದರು, ಕತ್ತು ಮುಟ್ಟಿ ನೋಡಿದರು, ಡಾಕ್ಟರ ಹತ್ತಿರ ಕಳಿಸಿದರು. ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು, ಥೈರಾಯ್ಡ್ ಅತಿಯಾಗಿದೆ. ಕತ್ತಿನಲ್ಲಿರುವ ಒಂದು ಸಣ್ಣ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದೆ, ಅದಕ್ಕೇ ಇಡೀ ಮೈ ಓಡುತ್ತಿದೆ. ಸೆಕೆ, ಬೆವರು, ನಡುಕ, ಸಿಡುಕು, ನಿದ್ದೆ ಬಾರದ್ದು, ತೂಕ ಇಳಿದದ್ದು ಎಲ್ಲ ಅದರದೇ. ಅವಳ ಸಿಡುಕಿಗೆ ನಾನು ಎರಡು ತಿಂಗಳಿಂದ ಎದುರುತ್ತರ ಕೊಡುತ್ತಿದ್ದೆ. ಅದೆಲ್ಲ ಕಾಯಿಲೆಯದು ಅಂತ ಕೇಳಿ ನನಗೇ ನಾಚಿಕೆಯಾಯಿತು.

ಎರಡು ಬಗೆಯ ಮಾತ್ರೆ ಬರೆದರು. ಒಂದು ಥೈರಾಯ್ಡನ್ನು ತಗ್ಗಿಸುವುದು, ಅದರ ಗುಣ ಕಾಣಲು ವಾರಗಟ್ಟಲೆ ಬೇಕು. ಇನ್ನೊಂದು ಎದೆಬಡಿತ, ನಡುಕ ಇಳಿಸುವುದು, ಅದು ಬೇಗ ಗೊತ್ತಾಗುತ್ತದೆ. ಉಬ್ಬಸ ಇದೆಯೇ, ಬಸುರಿಯೇ ಅಂತ ಕೇಳಿಯೇ ಕೊಟ್ಟರು.

ನಾಲ್ಕೇ ದಿನಕ್ಕೆ ಅವಳ ಕೈನಡುಕ ನಿಂತಿತು. ಮಾವ ಖುಷಿಯಾಗಿ, ಆ ನಡುಕದ ಮಾತ್ರೆ ನನಗೂ ಒಂದು ಕೊಡು ಅಂದರು. ನಿಮಗೆ ಉಬ್ಬಸ ಇದೆ, ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬಾರದು ಅಂತ ನಾನು ಕಸಿದಿಟ್ಟೆ. ಅವರಿಗೆ ಅದು ಯಾಕೆ ಬೇಕಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ.

ಅದೇ ವಾರ ಗ್ರಂಥಾಲಯದವರು ಬಂದರು. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿದ್ದರು. ಹಳೆಯದರ ಹೆಸರು ಬರೆದವರು ಮಾವ. ಹೊಸ ಗೋಡೆಯ ಮೇಲೆ, ಇಪ್ಪತ್ತು ಅಡಿ ಉದ್ದಕ್ಕೆ, ಮೊಳದುದ್ದದ ಅಕ್ಷರದಲ್ಲಿ ಮಗಳೇ ಬರೆಯಬೇಕು ಅಂತ ಗ್ರಂಥಾಲಯದವರ ಆಸೆ. ಅವಳು ಕಣ್ಣರಳಿಸಿ ಒಪ್ಪಿಕೊಂಡಳು. ಅಂಥ ಕೆಲಸ ಜನ್ಮಕ್ಕೆ ಒಂದು ಸಲ ಬರುವುದು.

ಅವಳು ಎಡವಿದ್ದು ಇಲ್ಲಿ. ಬೋರ್ಡಿನ ಮೇಲೆ ಕಣ್ಣಿಗೆ ಕಂಡದ್ದನ್ನೇ ನಂಬುವ ಕೆಲಸ ಅವಳದು. ನಡುಕದ ಮಾತ್ರೆ ಕೆಲಸ ಮಾಡಿದ್ದು ಕಂಡಿತು. ಇನ್ನೊಂದು ಏನೂ ಮಾಡಿದಂತೆ ಕಾಣಲಿಲ್ಲ. ಕಾಣದ್ದನ್ನು ಬಿಟ್ಟಳು, ಕಂಡದ್ದನ್ನು ಮಾತ್ರ ನುಂಗಿದಳು. ಕೈ ನಿಂತಿತಲ್ಲ, ಇನ್ನೇನು ಅಂತ ಮಾವನೂ ತಲೆಯಾಡಿಸಿದ್ದರಂತೆ. ಅಪ್ಪ ಮಗಳ ಈ ಒಪ್ಪಂದ ನನ್ನ ಕಿವಿಗೆ ಬೀಳಲೇ ಇಲ್ಲ.

ಒಂದು ತಿಂಗಳಾಯಿತು. ಗ್ರಂಥಾಲಯದ ಉದ್ಘಾಟನೆಗೆ ಮೂರು ವಾರ ಉಳಿದಿತ್ತು. ಅವಳು ಏಣಿ ಹತ್ತಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮೊದಲ ಅಕ್ಷರಕ್ಕೆ ಬ್ರಷ್ಷಿಟ್ಟಳು. ಗೆರೆ ಅಂಕುಡೊಂಕಾಗಿ ಇಳಿಯಿತು. ಒರೆಸಿದಳು, ಮತ್ತೆ ಬರೆದಳು, ಮತ್ತೆ ಒರೆಸಿದಳು. ಎದೆ ಹೊಡೆದುಕೊಳ್ಳತೊಡಗಿ ಏಣಿಯ ಮೇಲೇ ಕಣ್ಣು ಕತ್ತಲೆ ಬಂತಂತೆ. ಹೇಗೋ ಇಳಿದು ಮನೆಗೆ ಬಂದವಳು, ಆ ಕೆಲಸ ಬೇರೆಯವರಿಗೆ ಕೊಡಲು ಹೇಳು ಅತ್ತಿಗೆ, ಬ್ರಷ್ಷುಗಳನ್ನೂ ಯಾರಿಗಾದರೂ ಕೊಟ್ಟುಬಿಡು ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮತ್ತೆ ಸಿಸ್ಟರ್ ಮುಂದೆ ಕೂತೆವು. ಮಾತ್ರೆ ತೋರಿಸಿ ಅಂದರು. ನಾದಿನಿ ಚೀಲದಿಂದ ತೆಗೆದಿಟ್ಟಳು. ಒಂದು ಮಾತ್ರೆಯ ಹಾಳೆಗಳು ಖಾಲಿ, ಇನ್ನೊಂದರವು ಹೆಚ್ಚುಕಡಿಮೆ ತುಂಬಿಯೇ ಇದ್ದವು. ನಾನು ಅವಳ ಮುಖ ನೋಡಿದೆ, ಅವಳು ನೆಲ ನೋಡಿದಳು.

"ಇದು ನಡುಕವನ್ನ ಮಾತ್ರ ತಡೀತಿತ್ತು," ಅಂದರು ಸಿಸ್ಟರ್. "ಕಾಯಿಲೆ ಮೇಲೆ ಕೆಲಸ ಮಾಡೋದನ್ನ ನೀವು ಬಿಟ್ರಿ, ಕಾಯಿಲೆ ಏರಿ ಇದಕ್ಕೂ ಮೀರಿತು."

"ಅದು ತಗೊಂಡರೂ ಏನೂ ಗೊತ್ತಾಗ್ತಿರಲಿಲ್ಲ."

"ಬಣ್ಣಕ್ಕೆ ಮುಂಚೆ ಬೋರ್ಡಿಗೆ ಏನೋ ಬಳೀತೀರಲ್ಲ, ಕೊನೆಗೆ ಅದು ಯಾರ ಕಣ್ಣಿಗಾದ್ರೂ ಕಾಣುತ್ತಾ?"

"ಪ್ರೈಮರ್," ಅಂದಳು. ಪ್ರೈಮರ್ ಬಳಿಯದೆ ಬಣ್ಣ ಹಾಕುವವರನ್ನು ಇವಳು ಬೈಯುವುದು ಬೀದಿಗೆಲ್ಲ ಗೊತ್ತು. ಅದನ್ನು ಸಿಸ್ಟರ್‌ಗೂ ಹೇಳಿಬಿಟ್ಟೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಅವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಮತ್ತೆ ರಕ್ತ ಪರೀಕ್ಷೆ ಆಯಿತು. ಡಾಕ್ಟರು ಮಾತ್ರೆಯ ಪ್ರಮಾಣ ಗೊತ್ತುಮಾಡಿ, ಆರು ವಾರಕ್ಕೆ ಮತ್ತೆ ರಕ್ತ ನೋಡುತ್ತೇನೆ, ಆಗ ಏರಿಸುವುದೋ ಇಳಿಸುವುದೋ ಹೇಳುತ್ತೇನೆ, ನೀವಾಗಿ ಕೂಡಿಸಬೇಡಿ, ಕಳೆಯಬೇಡಿ ಅಂದರು. ಉದ್ಘಾಟನೆಗೆ ಮೂರೇ ವಾರ ಅಂತ ನಾನು ಬಾಯಿ ಹಾಕಿದೆ. ಅಷ್ಟರಲ್ಲಿ ಪೂರ್ತಿ ವಾಸಿಯಾಗುತ್ತದೆ ಅಂತ ಮಾತು ಕೊಡಲು ಆಗುವುದಿಲ್ಲ ಅಂದುಬಿಟ್ಟರು.

ಹೊರಗೆ ಬಂದ ಮೇಲೆ ಸಿಸ್ಟರ್ ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು ವಿವರವಾಗಿ ಹೇಳಿದರು. ನಡುಕದ ಮಾತ್ರೆಯನ್ನೂ ಹೇಳಿದ ಹೊತ್ತಿಗೇ ನುಂಗಬೇಕು. ಕಾಫಿ, ಟೀ ಕಡಿಮೆ ಮಾಡಬೇಕು, ಎದೆಬಡಿತ ಅದರಿಂದಲೂ ಏರುತ್ತದೆ. ಹೊಟ್ಟೆ ತುಂಬ ತಿನ್ನಬೇಕು, ಬಿಸಿಲೇರುವ ಮುಂಚೆ ಕೆಲಸ ಮುಗಿಸಬೇಕು, ನಡುನಡುವೆ ಕೂರಬೇಕು. ಏಣಿ ಸದ್ಯಕ್ಕೆ ಬೇಡ, ಹಲಗೆ ಹಾಕಿ ಕೂತು ಬರೆಯುವಂತೆ ಅಟ್ಟಣಿಗೆ ಕಟ್ಟಿಸಬೇಕು. ಗಂಟಲು ನೋವು, ಜ್ವರ, ಬಾಯಿಹುಣ್ಣು ಬಂದರೆ ಅಥವಾ ಕಣ್ಣು ಹಳದಿಯಾದರೆ ಅವತ್ತೇ ಓಡಿಬರಬೇಕು. ಈ ಮಾತ್ರೆಯಿಂದ ಅಪರೂಪಕ್ಕೆ ರಕ್ತಕ್ಕೆ, ಇಲ್ಲವೇ ಲಿವರಿಗೆ ತೊಂದರೆಯಾಗುವುದುಂಟು, ಅಂಥ ದಿನ ಮುಂದಿನ ಮಾತ್ರೆಯನ್ನು ಕೇಳಿಯೇ ನುಂಗಬೇಕು. ಎಲ್ಲಕ್ಕೂ ಅವಳು ಹೂಂ ಅಂದಳು.

"ಕೈಗೆ ಏನಾದ್ರೂ ಆಸರೆ ಇಟ್ಕೊಂಡು ಬರೆಯೋಕಾಗಲ್ವಾ?" ಅಂತ ಸಿಸ್ಟರ್ ಕೇಳಿದ್ದೇ ತಡ, ಎದ್ದು ನಿಂತಳು. ನನ್ನನ್ನೂ ಕಾಯದೆ ಗೇಟಿನ ಕಡೆ ನಡೆದಳು.

ಮಾವನಿಗೆ ನಾನೇ ಎಲ್ಲ ಹೇಳಿದೆ. ಸ್ವಲ್ಪ ಖಾರವಾಗಿಯೇ ಹೇಳಿದೆ. ನಿಮ್ಮ ಕಟ್ಟಳೆಯೊಂದು ಇಲ್ಲದಿದ್ದರೆ ಅವಳು ಕೋಲು ಹಿಡಿದಾದರೂ ಬರೆಯುತ್ತಿದ್ದಳು, ಈಗ ಬ್ರಷ್ಷನ್ನೇ ಬಿಡುತ್ತಿದ್ದಾಳೆ ಅಂದೆ. ಅವರು ಎದ್ದರು. ಶೆಡ್ಡಿಗೆ ಹೋಗಿ ಹಳೇ ತಗಡುಗಳ ಹಿಂದೆ ಕೈಹಾಕಿ ಒಂದು ಗೋಣಿಸುತ್ತು ಎಳೆದು ತಂದು ಮಗಳ ಮುಂದೆ ಬಿಚ್ಚಿದರು. ಒಳಗೆ ತೋಳುದ್ದದ ಒಂದು ಕೋಲು. ತುದಿಗೆ ಸುತ್ತಿದ ಬಟ್ಟೆಯ ಉಂಡೆ ಬಣ್ಣದ ಮೇಲೆ ಬಣ್ಣ ಮೆತ್ತಿ ಗಟ್ಟಿಯಾಗಿತ್ತು. ಕೈ ಊರುವ ಜಾಗ ಸವೆದು ನುಣ್ಣಗಾಗಿತ್ತು.

"ಯಾರದಪ್ಪಾ ಇದು?"

"ನಂದೇ." ಅವರು ಅವಳ ಕಣ್ಣು ತಪ್ಪಿಸಿದರು. "ಹಳೇ ಗ್ರಂಥಾಲಯದ ಹೆಸರು ಬರೆದಿದ್ದು ಇದರ ಮೇಲೆ ಕೈಯೂರಿಕೊಂಡೇ. ಯಾರೂ ನೋಡಬಾರದು ಅಂತ ಬೆಳಗಾಗೋ ಮುಂಚೇನೇ ಹೋಗ್ತಿದ್ದೆ."

ಕಣ್ಣು ಮಂಜಾಯಿತು ಅಂತ ಮಾವ ಕೆಲಸ ಬಿಟ್ಟರು ಅನ್ನುವುದೇ ನಮಗೆಲ್ಲ ಗೊತ್ತಿದ್ದ ಕಥೆ. ಮಂಜಾದದ್ದು ಕಣ್ಣಲ್ಲ, ನಡುಗಿದ್ದು ಕೈ.

"ಹತ್ತು ವರ್ಷ ಮುಚ್ಚಿಟ್ಟೆ ಮಗಳೇ. ಯಾವ ಡಾಕ್ಟರಿಗೂ ತೋರಿಸಲಿಲ್ಲ, ನಿನಗೂ ಹೇಳಲಿಲ್ಲ. ಆಮೇಲೆ ಕೋಲಿಗೂ ಕೈ ನಿಲ್ಲಲಿಲ್ಲ, ಬಿಟ್ಟೆ. ನಿಂದು ವಾಸಿಯಾಗೋ ಕಾಯಿಲೆ. ನೀನು ಬಿಡಬೇಡ."

ಅವಳು ಕೋಲನ್ನು ಎತ್ತಿಕೊಂಡು ಸವೆದ ಜಾಗದ ಮೇಲೆ ಕೈ ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಅಪ್ಪ ಮಗಳದು ಒಂದೇ ಅಳತೆಯ ಕೈ. ಆಮೇಲೆ ಆ ಗಟ್ಟಿ ಬಟ್ಟೆ ಬಿಚ್ಚಿ, ನನ್ನ ಹೊಸ ಟವಲನ್ನು ನನ್ನನ್ನು ಕೇಳದೆಯೇ ಹರಿದು ಸುತ್ತಿದಳು. ಕಟ್ಟಲು ದಾರ ನಾನೇ ತಂದುಕೊಟ್ಟೆ.

ಎರಡು ವಾರ ಎರಡೂ ಮಾತ್ರೆ ತಪ್ಪಿಸದೆ ನುಂಗಿ, ಶೆಡ್ಡಿನಲ್ಲಿ ಕೋಲು ಹಿಡಿದು ಕೈ ಪಳಗಿಸಿದಳು. ಆಮೇಲೆ ಅಟ್ಟಣಿಗೆ ಏರಿದಳು. ಅಷ್ಟು ಹೊತ್ತಿಗೆ ಎದೆಬಡಿತ ಇಳಿದಿತ್ತು. ನಡುಕ ಸಣ್ಣದಾಗಿತ್ತು, ಹೋಗಿರಲಿಲ್ಲ. ಒಂದು ಅಕ್ಷರ ಬರೆಯುವುದು, ಕೂತು ನೀರು ಕುಡಿಯುವುದು, ಇನ್ನೊಂದು ಅಕ್ಷರ. ಮೊದಲಾದರೆ ಎರಡು ದಿನದ ಕೆಲಸ, ಈಗ ಐದು ಬೆಳಗು ಹಿಡಿಯಿತು. ಮಾವ ಕೆಳಗೆ ಕುರ್ಚಿ ಹಾಕಿಸಿಕೊಂಡು ಐದೂ ದಿನ ಕೂತರು. ಈ ಸಲ ಚೆನ್ನಾಗಿ ಬೆಳಕು ಹರಿದ ಮೇಲೇ, ಊರು ಓಡಾಡುವ ಹೊತ್ತಿನಲ್ಲೇ.

ಆ ಕಡೆ ಬೀದಿಯಲ್ಲಿ ಬೋರ್ಡು ಬರೆಯುವವನೊಬ್ಬ ಸೈಕಲ್ ನಿಲ್ಲಿಸಿ ಮೇಲೆ ನೋಡಿದ. ಮಾವನ ಕಟ್ಟಳೆ ಅವನಿಗೂ ಗೊತ್ತು. ಏನು ಯಜಮಾನರೇ, ಗೆರೆಯಕ್ಕನೂ ಕೋಲು ಹಿಡಿದಳಾ ಅಂತ ನಕ್ಕ. ನನ್ನ ನಾಲಿಗೆ ತುದಿಗೆ ಉತ್ತರ ಬಂದಿತ್ತು. ಅಷ್ಟರಲ್ಲಿ ಮಾವನೇ ಇಡೀ ಬೀದಿಗೆ ಕೇಳುವಂತೆ ಹೇಳಿದರು.

"ಹಿಡಿದಿದಾಳೆ. ನಾನೂ ಹಿಡಿದಿದ್ದೆ. ಅಕ್ಷರ ನೋಡು."

ಅವನು ಅಕ್ಷರ ನೋಡಿದ. ಬಹಳ ಹೊತ್ತು ನೋಡಿದ. ತುಂಬಿಕೊಂಡ ದುಂಡು ಅಕ್ಷರಗಳು, ಅವುಗಳ ಕೆಳಗೆ ಉದ್ದಕ್ಕೂ ಒಂದು ಕೆಂಪು ಗೆರೆ, ಎಲ್ಲೂ ಕೊಂಕಿಲ್ಲ. ಮೂಲೆಯಲ್ಲಿ ಅವಳ ಸಹಿ. ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಂಗಡಿಗೆ ಬಂದವರಿಗೆಲ್ಲ ಕೇಳದಿದ್ದರೂ ಹೇಳಿದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆರು ವಾರದ ಪರೀಕ್ಷೆಯಲ್ಲಿ ಥೈರಾಯ್ಡ್ ಇಳಿದಿತ್ತು. ಆಮೇಲೆ ಒಂದಷ್ಟು ದಿನಕ್ಕೆ ಉಲ್ಟಾ ಶುರುವಾಯಿತು. ರಿಪೇರಿಯಾದ ಸ್ವಿಚ್ಚು ಒತ್ತಿ ನಾನು ಫ್ಯಾನು ಹಾಕಿದರೆ ಅವಳು ಆರಿಸುವಳು. ಮೈ ಜಡ, ಕೂತಲ್ಲೇ ತೂಕಡಿಕೆ. ಹಳೇ ಗೆರೆಯಕ್ಕನಾಗಿದ್ದರೆ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದಳು. ಈ ಸಲ ತಾನೇ ಆಸ್ಪತ್ರೆಗೆ ಹೋಗಿ ಹೇಳಿದಳು. ರಕ್ತ ನೋಡಿ ಡಾಕ್ಟರು, ಥೈರಾಯ್ಡ್ ಈಗ ಬೇಕಾದ್ದಕ್ಕಿಂತ ಕಡಿಮೆಯಾಗಿದೆ ಅಂತ ಮಾತ್ರೆಯ ಪ್ರಮಾಣ ಇಳಿಸಿದರು. ನಡುಕದ ಮಾತ್ರೆಯನ್ನೂ ಅವರೇ ಹಂತಹಂತವಾಗಿ ನಿಲ್ಲಿಸಿದರು. ಮಾವನೂ ಕೊನೆಗೆ ತಮ್ಮ ಕೈಯನ್ನು ಡಾಕ್ಟರಿಗೆ ತೋರಿಸಿದರು. ಅವರದು ಬೇರೆ ಕಾಯಿಲೆ, ಅದಕ್ಕೆ ಬೇರೆ ಮದ್ದು. ಸಂಜೆ ಟೀ ಲೋಟ ಈಗ ಒಂದೇ ಕೈಯಲ್ಲಿ ಹಿಡಿಯುತ್ತಾರೆ.

ಮೊನ್ನೆ ಸಿಸ್ಟರ್ ಬಂದು ಆಸ್ಪತ್ರೆಯ ಹೊರಗೋಡೆಗೆ ನಾಲ್ಕು ಸಾಲು ಬರೆದುಕೊಡಿ ಅಂತ ಕೇಳಿದರು. ನಾದಿನಿಯ ಕೈ ಈಗ ಅಲುಗುವುದಿಲ್ಲ. ಕೋಲು ಬೇಕಿರಲಿಲ್ಲ. ಆದರೂ ತೆಗೆದುಕೊಂಡು ಹೋದಳು, ಎಲ್ಲರಿಗೂ ಕಾಣುವಂತೆ ಹಿಡಿದೇ ಬರೆದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ತಿಂದರೂ ಸೊರಗುತ್ತಿದ್ದರೆ, ಚಳಿಯಲ್ಲೂ ಬೆವರುತ್ತಿದ್ದರೆ, ಕೈ ನಡುಗಿ ಎದೆ ಹೊಡೆದುಕೊಳ್ಳುತ್ತಿದ್ದರೆ, ಅವರೊಂದಿಗೆ ನನ್ನ ಹಾಗೆ ಸ್ವಿಚ್ಚಿಗಾಗಿ ಜಗಳವಾಡಬೇಡಿ. ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಔಷಧಿ ಮೈಗೆ ಹೊಂದಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಅವರ ಜೊತೆಗಿರಿ. ನಮ್ಮ ಆಸ್ಪತ್ರೆಯ ಗೋಡೆ ನಿಮಗೆ ಕಾಣದು, ಅದಕ್ಕೇ ನಮ್ಮ ಗೆರೆಯಕ್ಕ ಬರೆದದ್ದನ್ನು ಇಲ್ಲೇ ಓದಿಕೊಳ್ಳಿ.

ಗುಣ ಕಾಣಲಿಲ್ಲವೆಂದು ಮಾತ್ರೆ ಬಿಡಬೇಡಿ.
ಗುಣ ಕಂಡಿತೆಂದೂ ಬಿಡಬೇಡಿ.
ಏನಾದರೂ ಬದಲಾದರೆ ಬಂದು ಹೇಳಿ.
ವಾಸಿಯಾಗುವವರೆಗೆ ಆಸರೆ ಹಿಡಿಯಿರಿ, ಬಚ್ಚಿಡಬೇಡಿ.