ಹೊಳೆಯ ಆಳ ಅಳೆದವರು ಯಾರು?

ಹೆಂಚಿನ ಕಾರ್ಖಾನೆಯ ಮ್ಯಾನೇಜರ್ ಮೇಜಿನ ಮೇಲೆ ಮೂರು ಒಡಕು ಹೆಂಚುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಎದುರಿಗೆ ಹುಲ್ಲಕ್ಕ ನಿಂತಿದ್ದಳು. ಹೆಂಚು ಹೆಂಚಿನ ನಡುವೆ ಒಣಹುಲ್ಲು ಇಟ್ಟು, ಹಗ್ಗ ಬಿಗಿದು ಕಟ್ಟು ಕಟ್ಟುವುದು ಅವಳ ಕೆಲಸ. ಹದಿನೇಳು ವರ್ಷದಿಂದ ಅದನ್ನೇ ಮಾಡುತ್ತಿದ್ದರಿಂದ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಹುಲ್ಲಕ್ಕ.

"ನಾಲ್ಕು ಸಾವಿರ ಹೆಂಚು ಕಳಿಸಿದ್ವಿ. ಬಂದರಲ್ಲಿ ಬಿಚ್ಚಿ ನೋಡಿದ್ರೆ ಆರುನೂರು ಚೂರು. ಇದು ಮೂರನೇ ಸಲ. ಕಟ್ಟು ಕಟ್ಟೋದನ್ನೇ ಮರೆತುಬಿಟ್ಯಾ?"

"ನಾನು ಕಟ್ಟಿದ ಕಟ್ಟನ್ನ ಮೆಟ್ಟಿಲ ಮೇಲಿಂದ ಉರುಳಿಸಿ ನೋಡಿ ಸಾರ್. ಒಂದು ಒಡೆದ್ರೂ ನಾಳೆಯಿಂದ ಬರಲ್ಲ. ನೀವು ಆ ರಸ್ತೆ ನೋಡಿದ್ದೀರಾ? ಉತ್ತ ಹೊಲ ಅದಕ್ಕಿಂತ ವಾಸಿ."

"ರಸ್ತೆಯನ್ನ ಕೆಲಸದಿಂದ ತೆಗೆಯೋಕೆ ನನಗೆ ಅಧಿಕಾರ ಇಲ್ಲ. ನಿನ್ನನ್ನ ತೆಗೆಯೋಕೆ ಇದೆ."

ಅವನು ಒಂದು ಚೀಟಿಯನ್ನು ಅವಳತ್ತ ತಳ್ಳಿದ. ಸರಕು ಇಳಿಸಿದ ಜಾಗದಲ್ಲಿ ಬರೆದದ್ದು. 'ಹೆಂಚು ಒಡೆಯಲು ಕಾರಣ: ಕಟ್ಟು ಸಡಿಲ' ಎಂದಿತ್ತು. ಕೆಳಗೆ ಲಾರಿ ಡ್ರೈವರನ ಸಹಿ. ಮೊದಲಕ್ಷರದ ಬಾಲವನ್ನು ಕೊನೆವರೆಗೂ ಎಳೆದಿದ್ದ ಆ ಸಹಿಯನ್ನು ಹುಲ್ಲಕ್ಕನಿಗೆ ಯಾರೂ ಓದಿ ಹೇಳಬೇಕಿರಲಿಲ್ಲ. ಅದು ಅವಳ ಗಂಡನ ಸಹಿ.

"ನಾಳೆಯಿಂದ ಮಣ್ಣು ಹೊರೋ ಕಡೆ ಹೋಗು. ಇನ್ನೊಂದು ದೂರು ಬಂದ್ರೆ ಅದೂ ಇಲ್ಲ," ಎಂದ ಮ್ಯಾನೇಜರ್.

ಹದಿನೇಳು ವರ್ಷ ಹಗ್ಗ ಎಳೆದೆಳೆದು ಅವಳ ಬೆರಳುಗಳು ಕೊಕ್ಕೆಯಂತೆ ಬಾಗಿದ್ದವು. ಮರುದಿನ ಅದೇ ಬೆರಳಲ್ಲಿ ಅವಳು ಮಣ್ಣಿನ ಬುಟ್ಟಿ ಹಿಡಿದಳು. ನಿನ್ನೆಯವರೆಗೆ ಅವಳ ಕೈಕೆಳಗೆ ಕಲಿಯುತ್ತಿದ್ದ ಹುಡುಗಿಯರು ತಲೆ ತಗ್ಗಿಸಿ ಪಕ್ಕದಲ್ಲೇ ಹಾದುಹೋದರು. ಹುಲ್ಲಕ್ಕನ ಮೈಯೆಲ್ಲ ಉರಿಯಿತು.

ಆ ಸಂಜೆ ಗಂಡ ಟ್ರಿಪ್ ಮುಗಿಸಿ ಬಂದ. ಸೊಂಟದ ಕೆಳಗೆ ಬಿಸಿನೀರಿನ ಚೀಲ ಇಟ್ಟುಕೊಂಡು ನೆಲದ ಮೇಲೆ ಅಂಗಾತ ಮಲಗಿದ. ಹುಲ್ಲಕ್ಕ ಅವನ ತಲೆಯ ಹತ್ತಿರವೇ ನಿಂತಳು.

"ಕಟ್ಟು ಸಡಿಲ ಅಂತ ಸಹಿ ಹಾಕಿದ್ದು ನೀವೇನಾ?"

ಅವನು ಕಣ್ಣು ಮುಚ್ಚಿದ. "ಬರೆದದ್ದು ಬಂದರಿನವರೇ ಕಣೇ. ಸಹಿ ಹಾಕದಿದ್ರೆ ಡ್ರೈವರ್ ತಪ್ಪು ಅಂತ ಬರೀತಾರೆ. ಆಮೇಲೆ ಮಾಲೀಕರು ಲಾರಿ ಕೀಲಿ ಕಿತ್ಕೋತಾರೆ. ಎಲ್ಲಾ ಡ್ರೈವರ್‌ಗಳೂ ಹಾಕ್ತಾರೆ, ನಾನೂ ಹಾಕ್ದೆ. ಅದು ನಿನ್ನ ತಲೆ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ."

"ಹೊಳೀಲಿಲ್ವಾ? ಆ ಕಾರ್ಖಾನೇಲಿ ಕಟ್ಟು ಕಟ್ಟೋರು ಇನ್ಯಾರಿದ್ದಾರೆ? ನಿಮ್ಮಮ್ಮ ಬಂದು ಕಟ್ಟಿ ಹೋಗ್ತಾರಾ?"

"ನನ್ನನ್ನ ಯಾಕೆ ಎಳೀತೀಯ? ನಾನೊಬ್ಬಳು ಸುಮ್ಮನೆ ಕೂತಿದ್ದೀನಿ," ಎಂದಳು ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ.

ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯವಳು ಬಂದು ನಿಂತಳು. ಜಲಮಾರ್ಗ ಇಲಾಖೆಯಲ್ಲಿ ಹೊಳೆಯ ಆಳ ಅಳೆಯುವ ಕೆಲಸ ಅವಳದು. ಎರಡಾಳುದ್ದದ ಅಳತೆ ಕೋಲು ಹೊತ್ತು ದಿನಾ ಓಣಿ ದಾಟುತ್ತಿದ್ದರಿಂದ ಓಣಿಯವರು ಅವಳನ್ನು ಕೋಲು ಮೇಡಂ ಎನ್ನುತ್ತಿದ್ದರು.

"ಗೋಡೆ ತೆಳು ಅಕ್ಕಾ, ಎಲ್ಲಾ ಕೇಳಿಸ್ತು. ಒಂದು ಮಾತು ಹೇಳ್ಲಾ? ನಿಮ್ಮ ಕಟ್ಟೂ ಸರಿ ಇದೆ, ಭಾವ ಓಡಿಸೋದೂ ಸರಿ ಇದೆ. ಆ ಹೆಂಚು ರಸ್ತೆ ಮೇಲೆ ಹೋಗ್ಬೇಕಾದ್ದೇ ಅಲ್ಲ. ಕಾರ್ಖಾನೆ ಹಿಂದೆ ಹರಿಯೋ ಹೊಳೆ ಎಲ್ಲಿಗೆ ಹೋಗುತ್ತೆ ಹೇಳಿ?"

"ಸಮುದ್ರಕ್ಕೆ."

"ಬಂದರು ಎಲ್ಲಿದೆ?"

ಬಂದರು ಹೊಳೆಯ ಬಾಯಲ್ಲೇ ಇತ್ತು.

ಡ್ರೈವರ್ ಮೊಣಕೈ ಊರಿ ಎದ್ದು ಕೂತ. "ನೋಡು ತಾಯಿ, ಆ ಹೊಳೇಲಿ ಎಮ್ಮೆ ಮೈ ನೆನೆಯೋಷ್ಟು ನೀರಿಲ್ಲ ಅಂತ ನಗರಸಭೆ ಇಂಜಿನಿಯರೇ ಹೇಳಿದ್ದಾರೆ. ಇದ್ದರೂ ಬೇಡ. ದೋಣೀಲಿ ಸರಕು ಹೋದ್ರೆ ನಾವು ಲಾರಿಯವರು ಮಣ್ಣು ತಿನ್ನೋದಾ?"

"ನೀವು ಈಗ ಏನು ತಿಂತಿದ್ದೀರಾ ಭಾವ? ಬಂದರಿಗೆ ಹೋಗಿ ಬರೋಕೆ ಎಷ್ಟು ಹೊತ್ತು ಹಿಡೀತು?"

"ಹೋಗೋಕೇ ಒಂಬತ್ತು ತಾಸು. ಅದರಲ್ಲಿ ನಾಲ್ಕು ತಾಸು ಸಾಲಲ್ಲಿ ನಿಂತಿದ್ದೆ," ಎಂದ ಅವನು, ಸೊಂಟ ಒತ್ತಿಕೊಳ್ಳುತ್ತ.

"ನೂರು ಟನ್ನಿನ ಒಂದು ಸರಕು ದೋಣಿ ಅಂದ್ರೆ ನಿಮ್ಮಂಥ ಹತ್ತು ಲಾರಿ ಹೊರೆ. ಡೀಸೆಲ್ ಕಡಿಮೆ, ಹೊಗೆ ಕಡಿಮೆ, ಕುಲುಕಾಟ ಇಲ್ಲ. ಆದ್ರೆ ದೋಣಿ ಅಂಗಡಿ ಬಾಗಿಲಿಗೆ ಬರಲ್ವಲ್ಲ? ಹೆಂಚು ಸುಡೋ ಗೂಡಿಂದ ದಕ್ಕೆಗೆ, ದಕ್ಕೆಯಿಂದ ಅಂಗಡಿಗೆ ಲಾರಿ ಬೇಕೇ ಬೇಕು. ಸಣ್ಣ ಟ್ರಿಪ್. ಸಂಜೆ ಹೊತ್ತಿಗೆ ಮನೇಲಿರ್ತೀರಿ."

"ದಕ್ಕೆ ಅಂದ್ರೆ ದೋಣಿಗೆ ಸರಕು ಏರಿಸೋ ಕಟ್ಟೆ," ಎಂದಳು ಅತ್ತೆ, ಯಾರೂ ಕೇಳದಿದ್ದರೂ. "ನಾನು ಮದುವೆಯಾಗಿ ಬಂದಾಗ ಇಲ್ಲೇ ಇತ್ತು. ನನ್ನ ಪೆಟ್ಟಿಗೆ ಬಂದಿದ್ದೂ ಹೆಂಚಿನ ದೋಣೀಲೇ. ಲಾರಿ ಬಂತು ಅಂತ ಎಲ್ಲಾ ಹೊಳೆಗೆ ಬೆನ್ನು ತಿರುಗಿಸಿದ್ರು."

"ಮತ್ತೆ ನೀರಿಲ್ಲ ಅಂತ ಇಂಜಿನಿಯರ್ ಹೇಳಿದ್ದು?" ಹುಲ್ಲಕ್ಕ ಕೇಳಿದಳು.

ಕೋಲು ಮೇಡಂಳ ಮುಖ ಕೆಂಪಾಯಿತು. "ಆರು ತಿಂಗಳು ನಾನು ನೀರಿಗಿಳಿದು ಅಳೆದಿದ್ದೀನಿ ಅಕ್ಕಾ. ಕಡುಬೇಸಿಗೇಲೂ ಒಂದೂವರೆ ಆಳು ನೀರಿದೆ. ಎರಡೇ ಎರಡು ಕಡೆ ಇಲ್ಲ. ಇಂಜಿನಿಯರಿಗೆ ವರದಿ ಕೊಟ್ಟೆ. ಅದರ ಮೇಲೆ 'ಆಳ ಸಾಲದು' ಅಂತ ಒಂದೇ ಸಾಲು ಬರೆದು ಕಪಾಟಿಗೆ ಹಾಕಿದ್ರು. ಬರೆದವರು ಜೀಪಿಂದ ಕೆಳಗೆ ಕಾಲಿಟ್ಟವರಲ್ಲ."

ಭಾನುವಾರ ಬೆಳಿಗ್ಗೆ ಹುಲ್ಲಕ್ಕ, ಗಂಡ, ಕೋಲು ಮೇಡಂ ಮೂವರೂ ದಂಡೆಗುಂಟ ನಡೆದರು. ಡ್ರೈವರ್ "ನನಗೇನು ನೋಡೋದಿದೆ" ಎಂದು ಗೊಣಗುತ್ತಲೇ ಹಿಂದೆ ಬಂದ. ಮೊದಲ ಜಾಗ ಸೇತುವೆಯ ಬುಡ. ಹಳೇ ಸೇತುವೆ ಒಡೆದಾಗ ಗುತ್ತಿಗೆದಾರ ಅದರ ಕಲ್ಲು, ಕಬ್ಬಿಣ, ಕಾಂಕ್ರೀಟನ್ನೆಲ್ಲ ಹೊಳೆಗೇ ನೂಕಿ ಕೈ ತೊಳೆದುಕೊಂಡಿದ್ದ. ನೀರು ಆ ರಾಶಿಗೆ ಸಿಕ್ಕಿ ಕೊಳೆತು ನಾರುತ್ತಿತ್ತು.

"ಹೊಳೆ ಬತ್ತಿದ್ದಲ್ಲ, ಕತ್ತು ಹಿಸುಕಿದ್ದು!" ಎಂದಳು ಹುಲ್ಲಕ್ಕ.

ಎರಡನೆಯದು ಕಾರ್ಖಾನೆಯ ಹಿಂದಿನ ತಿರುವು. ಅಲ್ಲಿ ದಟ್ಟವಾದ ನೀರುಕಳೆ. ಕಳೆಯ ಕೆಳಗೆ ಕೆಂಪಗೆ ಒಂದು ದಿಬ್ಬ. ಹುಲ್ಲಕ್ಕ ಬಗ್ಗಿ ಒಂದು ಚೂರು ಎತ್ತಿದಳು. ಅವರದೇ ಕಾರ್ಖಾನೆಯ ಮುದ್ರೆ. ಸುಡುವಾಗ ಸೀಳಿದ ಹೆಂಚನ್ನು ಹಿಂದೆ ಬಿಸಾಕಿ ಎಂದು ಮ್ಯಾನೇಜರ್ ಹೇಳಿದ್ದ. ಬುಟ್ಟಿ ತುಂಬಿ ತಂದು ಸುರಿದವರು ಯಾರು? ಅವಳೇ. ಅವಳ ಕೈಕೆಳಗಿನ ಹುಡುಗಿಯರೇ.

"ನಾವೂ ಹಾಕಿದ್ದೀವಿ ಮೇಡಂ," ಎಂದಳು. ಆ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಬಂದ ಸಿಟ್ಟು ಮೊದಲಿಗಿಂತ ಹೆಚ್ಚಾಗಿತ್ತು.

ಹದಿನೈದು ದಿನದಲ್ಲಿ ನಗರಸಭೆಯಲ್ಲಿ ಸಾರ್ವಜನಿಕ ಸಭೆ ನಡೆಯಿತು. ಲಾರಿ ಹೆಚ್ಚಾಗಿವೆ, ರಸ್ತೆ ಅಗಲ ಮಾಡಬೇಕು, ಅದಕ್ಕೆ ಪೇಟೆಬೀದಿಯ ಮನೆಗಳ ಮುಂಭಾಗ ಒಡೆಯಬೇಕು ಎಂದು ಇಂಜಿನಿಯರ್ ಸಾಹೇಬರು ನಕ್ಷೆ ತೋರಿಸಿದರು. ನಕ್ಷೆಯಲ್ಲಿ ಹೊಳೆಗೆ ಒಂದು ತೆಳು ನೀಲಿ ಗೆರೆ. ಅಷ್ಟೇ.

ಹುಲ್ಲಕ್ಕ ಎದ್ದು ನಿಂತಳು. ಸಭೆಯಲ್ಲಿ ಅವಳು ಬಾಯಿಬಿಟ್ಟದ್ದು ಅದೇ ಮೊದಲು.

"ಸಾಹೇಬ್ರೇ, ಹೊಳೇಲಿ ಸರಕು ಯಾಕೆ ಕಳಿಸಬಾರದು?"

"ಆಳ ಇಲ್ಲಮ್ಮ. ಫೈಲಿನಲ್ಲಿದೆ."

"ನೀವು ಯಾವತ್ತು ನೀರಿಗಿಳಿದ್ರಿ? ತಾರೀಖು ಹೇಳಿ. ಮೊಣಕಾಲವರೆಗೆ ಬಂತಾ, ಕತ್ತಿನವರೆಗೆ ಬಂತಾ?"

ಸಭೆಯಲ್ಲಿ ನಗು ಎದ್ದಿತು. ಸಾಹೇಬರು ಫೈಲು ತಿರುವಿದರು. ತಾರೀಖು ಇರಲಿಲ್ಲ.

"ಇಳಿದು ಅಳೆದವರ ವರದಿ ನಿಮ್ಮ ಕಪಾಟಿನಲ್ಲೇ ಇದೆ. ತೆಗೆದು ಎಲ್ಲರೆದುರಿಗೆ ಓದಿ. ಹೊಳೆಗೆ ಕಸ ತುಂಬಿದ್ದು ನಿಮ್ಮ ಗುತ್ತಿಗೆದಾರ. ನಾನೂ ತುಂಬಿದ್ದೀನಿ, ಮುಚ್ಚಿಡಲ್ಲ. ತಪ್ಪು ನಮ್ಮದು, ಮನೆ ಒಡೆಸ್ಕೊಳ್ಳೋರು ಪೇಟೆಬೀದಿಯವರು, ಕೆಲಸ ಕಳ್ಕೊಳ್ಳೋಳು ನಾನು. ಹೊಳೆಗೆ ಮಾತ್ರ ನೀರಿಲ್ಲ ಅನ್ನೋ ಅಪವಾದ!"

ಮುಂದಿನ ಸಾಲಿನಲ್ಲಿದ್ದ ಮ್ಯಾನೇಜರ್ ತಿರುಗಿ ನೋಡಿದ. "ಕಟ್ಟು ಸಡಿಲ ಮಾಡಿದವಳು ಈಗ ರಸ್ತೆ ಮೇಲೆ ಗೂಬೆ ಕೂರಿಸ್ತಿದ್ದಾಳೆ."

ಆಗ ಹಿಂದಿನ ಸಾಲಿನಿಂದ ಡ್ರೈವರ್ ಎದ್ದ. ಸೊಂಟದ ಪಟ್ಟಿ ಬಿಗಿದಿದ್ದರಿಂದ ಏಳಲು ಅವನಿಗೆ ಹೊತ್ತು ಹಿಡಿಯಿತು.

"ಕಟ್ಟು ಸಡಿಲ ಅಂತ ಸಹಿ ಹಾಕಿದ್ದು ನಾನು. ಅದು ಸುಳ್ಳು. ನನ್ನ ಹೆಂಡತಿ ಕಟ್ಟಿದ ಕಟ್ಟು ಬಂದರಿಗೆ ಹೋದ ಮೇಲೂ ಹಗ್ಗ ಅಲುಗಿರಲಿಲ್ಲ. ಒಳಗಿನ ಹೆಂಚು ಒಡೆದದ್ದು ಗುಂಡಿಗೆ ಲಾರಿ ಬಿದ್ದು. ಕೀಲಿ ಹೋಗುತ್ತೆ ಅಂತ ಹೆದರಿ ಸಹಿ ಹಾಕ್ದೆ. ಇಲ್ಲಿ ಇನ್ನೂ ಎಂಟು ಜನ ಡ್ರೈವರ್‌ಗಳಿದ್ದಾರೆ. ನಾನು ಹೇಳಿದ್ದು ಸುಳ್ಳಾದ್ರೆ ಎದ್ದು ಹೇಳಲಿ."

ಯಾರೂ ಏಳಲಿಲ್ಲ. ಒಬ್ಬ ಮಾತ್ರ ಕೂತಲ್ಲಿಂದಲೇ "ನಿಜ ಸ್ವಾಮಿ" ಎಂದ. ಹುಲ್ಲಕ್ಕ ಗಂಡನ ಕಡೆ ನೋಡಲಿಲ್ಲ. ನೋಡಿದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ವರದಿ ಕಪಾಟಿನಿಂದ ಹೊರಬಂತು. ಒಂದು ಪ್ರಯೋಗ ನೋಡೋಣ ಎಂದು ಸಭೆ ಒಪ್ಪಿತು. ಸೇತುವೆಯ ಕಾಂಕ್ರೀಟನ್ನು ಸುರಿದ ಗುತ್ತಿಗೆದಾರನಿಂದಲೇ ಎತ್ತಿಸಿದರು. ಯಂತ್ರ ತಂದು ಕಾರ್ಖಾನೆ ಹಿಂದಿನ ಹೆಂಚಿನ ದಿಬ್ಬವನ್ನೂ ಹೂಳನ್ನೂ ಎತ್ತಿದರು. ಮೀನುಗಾರರು ಬಂದು, ಮೀನು ಮೊಟ್ಟೆಯಿಡುವ ಕಾಲದಲ್ಲಿ ಹೂಳಿಗೆ ಕೈಹಾಕಬೇಡಿ, ದೋಣಿ ಹೋಗುವ ದಾರಿಗೆ ತೇಲು ಗುರುತು ಹಾಕಿ, ನಮ್ಮ ಬಲೆ ಹರಿಯಬಾರದು ಎಂದರು. ಕೋಲು ಮೇಡಂ ಅವರ ಮಾತನ್ನು ಬರೆದುಕೊಂಡು ಹಾಗೇ ಮಾಡಿಸಿದಳು. ಎರಡೂವರೆ ತಿಂಗಳು ಹಿಡಿಯಿತು. ಅಷ್ಟೂ ದಿನ ಹುಲ್ಲಕ್ಕ ಮಣ್ಣು ಹೊತ್ತಳು.

ದೋಣಿ ಬರಲು ಒಂದು ವಾರ ಇದೆ ಎನ್ನುವಾಗ ಮ್ಯಾನೇಜರ್ ಅಂಗಳಕ್ಕೆ ಬಂದ. "ನಾಳೆ ಕಟ್ಟು ಕಟ್ಟೋಕೆ ಬಾ."

"ಬರ್ತೀನಿ. ಚೀಟಿಯಲ್ಲಿ ಬರೆದದ್ದು ಸುಳ್ಳು ಅಂತ ನೀವೂ ಒಂದು ಚೀಟಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಆಮೇಲೆ."

ಅವನು ದುರುಗುಟ್ಟಿ ನೋಡಿದ. ಮಧ್ಯಾಹ್ನದ ಹೊತ್ತಿಗೆ ಚೀಟಿ ಬೋರ್ಡಿನ ಮೇಲಿತ್ತು.

ಹುಲ್ಲಕ್ಕ ಮತ್ತು ಹುಡುಗಿಯರು ಇಪ್ಪತ್ತು ಸಾವಿರ ಹೆಂಚು ಕಟ್ಟಿದರು. ಕಾರ್ಖಾನೆಯಿಂದ ದಂಡೆಗೆ ಸಾಗಿಸಿದ್ದು ಅವಳ ಗಂಡನ ಲಾರಿಯೇ. ದೋಣಿಯವರೆಲ್ಲ ತೇಲು ಜಾಕೆಟ್ ತೊಟ್ಟರು. ಹುಲ್ಲಕ್ಕನಿಗೂ ಒಂದು ತೊಡಿಸಿ, "ನೀವೇ ಬಂದು ಬಿಚ್ಚಿ ಅಕ್ಕಾ, ಇನ್ನೊಬ್ಬರು ಬಿಚ್ಚಿ ಬರೆಯೋದು ಬೇಡ," ಎಂದಳು ಕೋಲು ಮೇಡಂ.

ಬಂದರಿನಲ್ಲಿ ಒಂದೊಂದೇ ಕಟ್ಟು ಬಿಚ್ಚಿ ಎಣಿಸಿದರು. ಒಡೆದದ್ದು ನಲವತ್ತಮೂರು. ಹೆಂಚು ಕೊಳ್ಳುವವನು ನಂಬದೆ ಇನ್ನೊಮ್ಮೆ ಎಣಿಸಿದ. ನಲವತ್ತಮೂರೇ.

ಹುಲ್ಲಕ್ಕ ಮನೆಗೆ ಬಂದಾಗ ಗಂಡ ಅಡುಗೆ ಮಾಡುತ್ತಿದ್ದ. ಅವಳು ಲೆಕ್ಕ ಹೇಳಿದಳು. ಅವನು ಸೌಟು ಕೆಳಗಿಟ್ಟ. "ನಮ್ಮ ಲಾರಿಯವರಿಗೂ ದೋಣಿ ವಿಷಯ ನಾನೇ ಹೇಳ್ತೀನಿ. ಬೈತಾರೆ. ಬೈಲಿ," ಎಂದ. ಅತ್ತೆ ಮಾತ್ರ, "ನಾನು ಹೇಳಿದ್ರೆ ಯಾರೂ ಕೇಳ್ಲಿಲ್ಲ, ಕೋಲು ಹಿಡಿದವಳು ಹೇಳಿದ್ರೆ ಕೇಳ್ತೀರಿ," ಎಂದು ಮುಖ ತಿರುಗಿಸಿದಳು.

ಈಗ ತಿಂಗಳಿಗೆ ನಾಲ್ಕು ಸಲ ದೋಣಿ ಹೋಗುತ್ತದೆ. ಶಾಶ್ವತ ದಕ್ಕೆ ಇನ್ನೂ ಆಗಿಲ್ಲ. ಅದರ ಅರ್ಜಿ ಮತ್ತೆ ಯಾವುದೋ ಕಪಾಟು ಸೇರಿದೆ ಎಂದು ಕೇಳಿದಾಗ ಹುಲ್ಲಕ್ಕ ಆರು ಡ್ರೈವರ್‌ಗಳನ್ನೂ ಹನ್ನೊಂದು ಹೆಂಗಸರನ್ನೂ ಕರೆದುಕೊಂಡು ಕಚೇರಿಗೆ ಹೋಗಿ ಕೂತಳು. ಮುಂದಿನ ಸೋಮವಾರವೂ ಹೋಗುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಪಕ್ಕದಲ್ಲೂ ಹೊಳೆಯೋ ಕಾಲುವೆಯೋ ಇದೆಯೇ? ಅದರಲ್ಲಿ ಸರಕು ಹೋಗುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅಳೆದವರು ಯಾರು, ಯಾವಾಗ ಎಂದು ಕೇಳಿ. ವರದಿಯನ್ನು ಸಭೆಯಲ್ಲಿ ಓದಿಸಿ. ಎಲ್ಲಾ ಹೊಳೆಗೂ ದೋಣಿ ಒಗ್ಗುವುದಿಲ್ಲ, ನಿಜ. ಒಗ್ಗುತ್ತದೋ ಇಲ್ಲವೋ ಎಂದು ನೀರಿಗಿಳಿದವರು ಹೇಳಲಿ, ಕುರ್ಚಿಯಲ್ಲಿ ಕೂತವರಲ್ಲ. ಕಟ್ಟಡದ ಮಣ್ಣು, ಕಾರ್ಖಾನೆಯ ಕಸ ಹೊಳೆಗೆ ಬೀಳುವುದನ್ನು ಕಂಡರೆ ಅಲ್ಲೇ ತಡೆಯಿರಿ. ಸುರಿಯುತ್ತಿರುವವರು ನೀವೇ ಆಗಿದ್ದರೆ ಇವತ್ತೇ ನಿಲ್ಲಿಸಿ. ಮೀನುಗಾರರನ್ನೂ ಲಾರಿಯವರನ್ನೂ ಹೊರಗಿಟ್ಟು ಯೋಜನೆ ಮಾಡಲು ಬಿಡಬೇಡಿ.

ನೀವು ಕೇಳದಿದ್ದರೆ ನಿಮ್ಮ ಪರವಾಗಿ ಕೇಳಲು ಯಾರೂ ಬರುವುದಿಲ್ಲ. ಮುಂದಿನ ಸಭೆ ಯಾವತ್ತು ಎಂದು ನಾಳೆ ಬೆಳಿಗ್ಗೆಯೇ ವಿಚಾರಿಸಿ. ಹೋಗುವಾಗ ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನೂ ಎಬ್ಬಿಸಿಕೊಂಡು ಹೋಗಿ.